ಊಟಕ್ಕೆ ಮುಂಚಿನ ಅರ್ಧ ಗಂಟೆ

ಒಂದೇ ಕಾಯಿಲೆಗೆ ನಮ್ಮಲ್ಲಿ ಮೂರು ತಲೆಮಾರಿನವರು ಮೂರು ಹೆಸರು ಹೇಳುತ್ತಾರೆ. ಅಜ್ಜಿಯ ಕಾಲದವರು ಅದನ್ನು ‘ಸಿಹಿಮೂತ್ರ ರೋಗ’ ಎಂದರು. ಅಮ್ಮನ ಕಾಲಕ್ಕೆ ಅದು ‘ಸಕ್ಕರೆ ಕಾಯಿಲೆ’ಯಾಯಿತು. ಈಗ ಬರೀ ‘ಶುಗರ್’. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು “ಬೇಡಪ್ಪಾ, ಶುಗರು” ಎಂದರೆ ಸಾಕು, ಪಕ್ಕದ ಎಲೆಯವರು “ಎಷ್ಟಿದೆ?” ಎಂದು ಕೇಳಿಯೇ ಕೇಳುತ್ತಾರೆ. ಹೆಸರು ಬದಲಾದದ್ದು ಸುಮ್ಮನೆ ಅಲ್ಲ. ಕಾಯಿಲೆಯನ್ನು ನಾವು ಎಲ್ಲಿ ಹುಡುಕುತ್ತಿದ್ದೆವು ಎಂಬುದನ್ನು ಹೆಸರೇ ಹೇಳುತ್ತದೆ. ಮೊದಲು ನೋಡುತ್ತಿದ್ದದ್ದು ಮೂತ್ರವನ್ನು. ಈಗ ನೋಡುವುದು ರಕ್ತವನ್ನು. ಅದಕ್ಕಿಂತ ಹೆಚ್ಚಾಗಿ ಒಂದು ಅಂಕಿಯನ್ನು.

ಈ “ಎಷ್ಟಿದೆ?” ಎಂಬ ಪ್ರಶ್ನೆಗೆ ಮನೆಯಲ್ಲೇ ಕುಳಿತು ಉತ್ತರ ಪಡೆಯಲು ಮನುಷ್ಯ ಎರಡು ಸಾವಿರ ವರ್ಷ ಕಾಯಬೇಕಾಯಿತು. ಇನ್ಸುಲಿನ್ ಬಂದ ಮೇಲೆ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿತು: ಚುಚ್ಚಿಕೊಳ್ಳುವುದು ಯಾವಾಗ? ಊಟಕ್ಕೆ ಎಷ್ಟು ಹೊತ್ತು ಮುಂಚೆ? ಈ ಎರಡನೆಯ ಪ್ರಶ್ನೆ ಆಸ್ಪತ್ರೆಗಿಂತ ಅಡುಗೆಮನೆಗೆ ಹತ್ತಿರವಾದದ್ದು. ಈ ಎರಡೂ ಪ್ರಶ್ನೆಗಳು ನಡೆದು ಬಂದ ದಾರಿಯ ಕಥೆಯನ್ನು ನಾನು ಅಲ್ಲಿ ಇಲ್ಲಿ ಓದಿ ತಿಳಿದುಕೊಂಡಷ್ಟು ಇಲ್ಲಿ ಹೇಳುತ್ತೇನೆ. ಈ ದಾರಿಯಲ್ಲಿ ಹೆಂಗಸರ ಹೆಜ್ಜೆಗಳೂ ಬಹಳ ಇವೆ.

ಮೊದಲ ಪರೀಕ್ಷಕರು ಇರುವೆಗಳು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಚರಕಸಂಹಿತೆ ಗುರುತಿಸಿದೆ. ಜೇನಿನಂಥ ಮೂತ್ರ ಎಂಬ ಅರ್ಥದ ಮಧುಮೇಹ ಎಂಬ ಹೆಸರೂ ಅಲ್ಲಿಯದೇ. ಯುರೋಪಿನಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯ 1674ರಲ್ಲಿ ಈ ರೋಗಿಗಳ ಮೂತ್ರ ಸಿಹಿಯಾಗಿರುತ್ತದೆಂದು ಬರೆದ. ಗೊತ್ತಾದದ್ದು ರುಚಿ ನೋಡಿಯೇ! ಅದಾಗಿ ನೂರು ವರ್ಷದ ಮೇಲೆ, 1776ರಲ್ಲಿ, ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಪಾತ್ರೆಯಲ್ಲಿ ಬತ್ತಿಸಿ, ತಳದಲ್ಲಿ ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ. ನಾವು ಕಬ್ಬಿನ ಹಾಲು ಕಾಯಿಸಿ ಬೆಲ್ಲ ತೆಗೆಯುವ ಕೆಲಸದಂತೆಯೇ ಅದು. ರೋಗಿಯ ರಕ್ತವೂ ಸಿಹಿಯಾಗಿರುತ್ತದೆ ಎಂದು ಕಂಡವನು ಅವನೇ. ಎಂದರೆ ಕಾಯಿಲೆ ಮೂತ್ರಪಿಂಡದ್ದಲ್ಲ, ಇಡೀ ದೇಹದ್ದು ಎಂಬ ಸುಳಿವು ಅಂದೇ ಸಿಕ್ಕಿತ್ತು.

ಆದರೆ ರಕ್ತ ತೆಗೆದು ನೋಡುವುದು ಮನೆಯಲ್ಲಿ ಆಗುವ ಮಾತಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಎಂಬ ರಸಾಯನ ವಿಜ್ಞಾನಿ ಒಂದು ನೀಲಿ ದ್ರಾವಣ ಮಾಡಿದ. ಅದು ನಮ್ಮ ಊರುಗಳ ಬಚ್ಚಲುಮನೆಗಳಿಗೂ ಬಂತು. ನಮ್ಮ ಅತ್ತೆಯವರ ಬಳಿ ಅದರ ಒಂದು ಸೀಸೆ, ಎರಡು ಪ್ರನಾಳ, ಒಂದು ಸ್ಪಿರಿಟ್ ದೀಪ, ಪ್ರನಾಳ ಹಿಡಿಯಲು ಮರದ ಇಕ್ಕಳ ಇದ್ದವು. ಐದು ಮಿಲಿಲೀಟರ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನೂ ಹೆಚ್ಚು, ಆಮೇಲೆ ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಸೀರೆಯ ಬಣ್ಣ ಗುರುತಿಸುವ ಕಣ್ಣಿದ್ದ ಅವರು ಅದನ್ನು ‘ಗಿಳಿಹಸಿರು’, ‘ಪಾಚಿ ಹಸಿರು’ ಎಂದು ಬೇರೆ ಬೇರೆ ಮಾಡಿ ಕ್ಯಾಲೆಂಡರಿನ ಮನೆಯೊಳಗೆ ಬರೆದಿಡುತ್ತಿದ್ದರು. ಡಾಕ್ಟರಿಗೂ ಅದನ್ನೇ ಹೇಳುತ್ತಿದ್ದರು. ಡಾಕ್ಟರಿಗೆ ಅರ್ಥವಾಗುತ್ತಿತ್ತು.

ಈ ಬಣ್ಣದ ಪರೀಕ್ಷೆ ದಶಕಗಳ ಕಾಲ ಲಕ್ಷಾಂತರ ಜನರನ್ನು ಕಾಪಾಡಿತು. ಆದರೆ ಅದರಲ್ಲಿ ಮೂರು ಕೊರತೆಗಳಿದ್ದವು. ಮೂತ್ರಪಿಂಡ ಒಂದು ಅಣೆಕಟ್ಟಿನಂತೆ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮಾತ್ರ ಅದರ ಮೇಲಿಂದ ಸಕ್ಕರೆ ಚೆಲ್ಲುತ್ತದೆ. ಹಾಗಾಗಿ 170 ಇದ್ದವರಿಗೂ ನೀಲಿ, 90 ಇದ್ದವರಿಗೂ ನೀಲಿ. ಎರಡನೆಯದಾಗಿ, ಮೂತ್ರ ಹೇಳುವುದು ಕಳೆದ ಕೆಲವು ಗಂಟೆಗಳ ಕಥೆಯನ್ನು, ಈ ಕ್ಷಣದ್ದನ್ನಲ್ಲ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು: ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಪ್ರನಾಳ ನೀಲಿಯೇ. ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ಒಂದೇ ಬಣ್ಣ.

ಇಳಿಯುವ ಭಯ ಹುಟ್ಟಿದ್ದು ಇನ್ಸುಲಿನ್ ಬಂದ ಮೇಲೆ. ಅದಕ್ಕೆ ಮುಂಚೆ ಇದ್ದದ್ದು ಬೇರೆಯೇ ಭಯ. ಮಕ್ಕಳಿಗೆ ಈ ಕಾಯಿಲೆ ಬಂದರೆ ಬದುಕುವ ಮಾತೇ ಇರಲಿಲ್ಲ. ಅಮೆರಿಕದ ಫ್ರೆಡರಿಕ್ ಆಲೆನ್ ಎಂಬ ವೈದ್ಯ, ಅನ್ನವೇ ವಿಷವಾಗುವುದಾದರೆ ಅನ್ನವನ್ನೇ ಕಡಿಮೆ ಮಾಡೋಣ ಎಂದು, ಉಪವಾಸದ ಪಥ್ಯವನ್ನು ಜಾರಿಗೆ ತಂದ. ಎಲಿಜಬೆತ್ ಹ್ಯೂಸ್ ಎಂಬ ಹುಡುಗಿಗೆ 1919ರಲ್ಲಿ ಕಾಯಿಲೆ ಕಂಡಾಗ ಹನ್ನೊಂದು ವರ್ಷ. ಅವಳ ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಮುಂದೆ ಅಮೆರಿಕದ ವಿದೇಶಾಂಗ ಮಂತ್ರಿಯಾದವರು. ಹಣಕ್ಕೆ, ಅಧಿಕಾರಕ್ಕೆ ಕೊರತೆಯಿಲ್ಲದ ಮನೆಯಲ್ಲಿ ಮಗಳು ಹಸಿದೇ ಬೆಳೆದಳು. ಬೆಳೆದಳು ಎನ್ನುವುದೂ ತಪ್ಪು. 1922ರ ಆಗಸ್ಟಿನಲ್ಲಿ, ಹದಿನೈದು ತುಂಬಲು ಕೆಲವೇ ದಿನ ಇದ್ದಾಗ, ಅವಳ ತೂಕ ಸುಮಾರು 20 ಕಿಲೋ. ಆರು ವರ್ಷದ ಮಗುವಿನ ತೂಕ.

ಅಷ್ಟು ಹೊತ್ತಿಗೆ ಕೆನಡಾದ ಟೊರಾಂಟೊದಲ್ಲಿ ಬಾಗಿಲು ತೆರೆದಿತ್ತು. 1921ರ ಬೇಸಿಗೆಯಲ್ಲಿ ಫ್ರೆಡರಿಕ್ ಬಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ರಸ ತೆಗೆಯುವ ಕೆಲಸ ಆರಂಭಿಸಿದರು. ಅವರಿಗೆ ಜಾಗ ಕೊಟ್ಟು ದಾರಿ ತೋರಿಸಿದವರು ಪ್ರೊಫೆಸರ್ ಮೆಕ್ಲಿಯಾಡ್. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಸರಿಯಾಗಿ ಕೆಲಸ ಮಾಡಲಿಲ್ಲ. ರಸ ಶುದ್ಧವಿರಲಿಲ್ಲ, ಚುಚ್ಚಿದ ಕಡೆ ಬಾವು ಬಂತು. ಜೇಮ್ಸ್ ಕಾಲಿಪ್ ಎಂಬ ರಸಾಯನ ತಜ್ಞ ಹಗಲಿರುಳು ಕೂತು ಅದನ್ನು ಶುದ್ಧಿ ಮಾಡಿದ. ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗನ ಸಕ್ಕರೆ ಇಳಿಯಿತು, ಕಣ್ಣಲ್ಲಿ ಜೀವ ಬಂತು. ಪೇಟೆಂಟನ್ನು ಅವರು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. 1923ರಲ್ಲಿ ನೊಬೆಲ್ ಬಹುಮಾನ ಬಾಂಟಿಂಗ್ ಮತ್ತು ಮೆಕ್ಲಿಯಾಡ್‌ಗೆ ಬಂದಾಗ, ಬಾಂಟಿಂಗ್ ತನ್ನ ಪಾಲಿನ ಹಣದಲ್ಲಿ ಬೆಸ್ಟ್‌ಗೆ, ಮೆಕ್ಲಿಯಾಡ್ ಕಾಲಿಪ್‌ಗೆ ಅರ್ಧ ಕೊಟ್ಟರು. ಎಲಿಜಬೆತ್ತಳ ತಾಯಿ ಮಗಳನ್ನು ಕರೆದುಕೊಂಡು ಟೊರಾಂಟೊಗೆ ಹೋದಳು. ಮಗಳು ಹೊಟ್ಟೆ ತುಂಬ ಉಂಡಳು, ಓದಿದಳು, ಮದುವೆಯಾಗಿ ಮೂರು ಮಕ್ಕಳ ತಾಯಾದಳು, 1981ರವರೆಗೆ ಬದುಕಿದಳು.

ಆ ವರ್ಷವೇ ಅಮೆರಿಕಕ್ಕೆ ಡೆನ್ಮಾರ್ಕಿನ ದಂಪತಿಗಳು ಬಂದಿದ್ದರು. ಆಗಸ್ಟ್ ಕ್ರೋಗ್ ನೊಬೆಲ್ ಪಡೆದ ವಿಜ್ಞಾನಿ. ಹೆಂಡತಿ ಮರೀ ಕ್ರೋಗ್ ಸ್ವತಃ ವೈದ್ಯೆ, ಮಧುಮೇಹಿ. ಟೊರಾಂಟೊದ ಸುದ್ದಿ ಕಿವಿಗೆ ಬಿದ್ದಾಗ ಅಲ್ಲಿಗೆ ಹೋಗಿ ಬರೋಣ ಎಂದು ಗಂಡನನ್ನು ಹೊರಡಿಸಿದವಳು ಆಕೆಯೇ. ಅವರು ಅಪ್ಪಣೆ ಪಡೆದು ಊರಿಗೆ ಮರಳಿ, ಮರೀಯ ವೈದ್ಯನಾಗಿದ್ದ ಹಾಗೆಡಾರ್ನ್ ಎಂಬಾತನ ಜೊತೆ ಸೇರಿ ಇನ್ಸುಲಿನ್ ತಯಾರಿಸತೊಡಗಿದರು.

ಹಾಗೆಡಾರ್ನ್ ಹೆಸರು ನಮಗೆ ಯಾಕೆ ಬೇಕು? ಬೇಕು. ಅವನು ಕೈಹಾಕಿದ್ದು ನಮ್ಮ ಎರಡನೆಯ ಪ್ರಶ್ನೆಗೆ. ಮೊದಲ ಇನ್ಸುಲಿನ್‌ನ ಬಲ ಆರೆಂಟು ಗಂಟೆಗೆ ಮುಗಿದುಹೋಗುತ್ತಿತ್ತು. ದಿನಕ್ಕೆ ಮೂರು ನಾಲ್ಕು ಸಲ ಚುಚ್ಚಿಕೊಳ್ಳಬೇಕು. ಗಾಜಿನ ಸಿರಿಂಜನ್ನು ಪ್ರತಿ ಸಲ ಕುದಿಸಬೇಕು. ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಬೇಕು. 1936ರಲ್ಲಿ ಹಾಗೆಡಾರ್ನ್ ಮೀನಿನಿಂದ ತೆಗೆದ ಪ್ರೋಟಮಿನ್ ಎಂಬ ಪದಾರ್ಥವನ್ನು ಸೇರಿಸಿ, ಇನ್ಸುಲಿನ್ ನಿಧಾನವಾಗಿ ಕರಗುವಂತೆ ಮಾಡಿದ. ಇಂದಿಗೂ ನಮ್ಮಲ್ಲಿ ಬಹಳ ಮಂದಿಯ ಫ್ರಿಜ್ಜಿನ ಬಾಗಿಲಲ್ಲಿ ಇರುವ, ನೀರುಮಜ್ಜಿಗೆಯಂತೆ ಬೆಳ್ಳಗಿರುವ ‘30/70’ ಸೀಸೆಯಲ್ಲಿ ಎಪ್ಪತ್ತು ಭಾಗ ಹಾಗೆಡಾರ್ನ್ ದಾರಿಯ ನಿಧಾನದ ಇನ್ಸುಲಿನ್. ಮೂವತ್ತು ಭಾಗ ಹಳೆಯ, ಬೇಗದ ಇನ್ಸುಲಿನ್. ಬೆಳ್ಳಗಿನ ಭಾಗ ತಳಕ್ಕೆ ಇಳಿಯುವುದರಿಂದಲೇ ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಎಂದು ಹೇಳುವುದು, ಕುಲುಕಬಾರದು.

ನಿಧಾನದ ಇನ್ಸುಲಿನ್‌ನಿಂದ ಚುಚ್ಚುವಿಕೆ ಕಡಿಮೆಯಾಯಿತು. ಆದರೆ ಒಂದು ಹೊಸ ಕಟ್ಟು ಬಿತ್ತು. ಮೈಯೊಳಗಿನ ಗ್ರಂಥಿ ಸೊಗಸಾದ ಅಡುಗೆಯವಳಂತೆ: ಎಷ್ಟು ಜನ ಉಣ್ಣಲು ಬಂದರೋ ಅಷ್ಟಕ್ಕೇ ಒಲೆಯ ಮೇಲೆ ಇಡುತ್ತದೆ, ಬಂದ ಕ್ಷಣಕ್ಕೆ ಬಡಿಸುತ್ತದೆ. ಸೂಜಿಯಿಂದ ಹೋದ ಇನ್ಸುಲಿನ್‌ಗೆ ಆ ವಿವೇಕವಿಲ್ಲ. ಅದು ಹೊತ್ತಾದಾಗ ಕೆಲಸ ಶುರು ಮಾಡುತ್ತದೆ. ಊಟ ಬಂದಿದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಊಟ ತಡವಾದರೆ ಸಕ್ಕರೆ ಇಳಿಯುತ್ತದೆ. ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ಮಾತು ತಡವರಿಸುತ್ತದೆ. ಇನ್ನೂ ಇಳಿದರೆ ಪ್ರಜ್ಞೆ ತಪ್ಪುತ್ತದೆ.

ಇಲ್ಲಿ ನಮ್ಮ ಮನೆಗಳ ಮಾತು ಬರುತ್ತದೆ. ಎಲ್ಲರಿಗೂ ಬಡಿಸಿ, ಮಕ್ಕಳನ್ನು ಉಣ್ಣಿಸಿ, ಗಂಡಸರ ತಟ್ಟೆ ಎದ್ದ ಮೇಲೆ, ಪಾತ್ರೆಯಲ್ಲಿ ಉಳಿದದ್ದನ್ನು ನೋಡಿಕೊಂಡು ಕೂರುವುದು ನಮ್ಮ ಹೆಂಗಸರ ಪದ್ಧತಿ. ಇನ್ಸುಲಿನ್ ಬಂದು ನೂರು ವರ್ಷ ದಾಟಿದರೂ ಈ ಪದ್ಧತಿ ಪೂರ್ತಿ ಹೋಗಿಲ್ಲ. ಎಂಟೂವರೆಗೆ ಊಟ ಎಂದು ಎಂಟಕ್ಕೆ ಚುಚ್ಚಿಕೊಂಡಿರುತ್ತಾಳೆ. ಎಂಟೂಕಾಲಿಗೆ ನೆಂಟರು ಬರುತ್ತಾರೆ. ಮತ್ತೆ ಅನ್ನಕ್ಕಿಟ್ಟು, ಹಪ್ಪಳ ಕರಿದು, ಬಡಿಸಿ ಮುಗಿಸುವ ಹೊತ್ತಿಗೆ ಒಂಬತ್ತೂವರೆ. ನಡುವೆ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತದ್ದನ್ನು ಯಾರೂ ನೋಡಿರುವುದಿಲ್ಲ. ನೋಡಿದರೂ “ಸುಸ್ತು” ಎನ್ನುತ್ತಾಳೆ.

ಊಟಕ್ಕೆ ಅರ್ಧ ಗಂಟೆ ಮುಂಚೆಯೇ ಯಾಕೆ ಚುಚ್ಚಿಕೊಳ್ಳಬೇಕು, ಕೂತ ಮೇಲೆ ಚುಚ್ಚಿಕೊಂಡರೆ ಆಗದೆ? ಈ ಪ್ರಶ್ನೆಗೆ ಉತ್ತರ ಇನ್ಸುಲಿನ್‌ನ ಆಕಾರದಲ್ಲಿದೆ. ಅದನ್ನು ಕಂಡುಹಿಡಿದವಳು ಆಕ್ಸ್‌ಫರ್ಡಿನ ಡೊರೊಥಿ ಹಾಡ್ಜ್‌ಕಿನ್. 1930ರ ದಶಕದಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಹೊತ್ತಿಗೆ, ಇನ್ಸುಲಿನ್ ಹರಳಿನ ಮೊದಲ ಎಕ್ಸ್‌ರೇ ಚಿತ್ರ ತೆಗೆದಳು. ಅದನ್ನು ಬಿಡಿಸಿ ಓದಲು ಮೂವತ್ತೈದು ವರ್ಷ ಹಿಡಿಯಿತು. ಆ ನಡುವೆ ಮೂರು ಮಕ್ಕಳನ್ನು ಬೆಳೆಸಿದಳು, ಸಂಧಿವಾತದಿಂದ ಕೈಬೆರಳುಗಳು ಸೊಟ್ಟಗಾದವು, ಪೆನಿಸಿಲಿನ್ ಮತ್ತು ಬಿ12 ಜೀವಸತ್ವದ ರಚನೆ ಬಿಡಿಸಿ 1964ರಲ್ಲಿ ನೊಬೆಲ್ ಪಡೆದಳು. ಇನ್ಸುಲಿನ್ ಮಾತ್ರ 1969ರವರೆಗೆ ಕಾಯಿಸಿತು. ಆ ವರ್ಷ ಪ್ರಕಟವಾದ ಪ್ರಬಂಧದಲ್ಲಿ ಅವಳ ಹೆಸರಿನೊಡನೆ ಇದ್ದ ಹೆಸರುಗಳಲ್ಲಿ ಎಂ. ವಿಜಯನ್ ಅವರದೂ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಮುಗಿಸಿ ಅಲ್ಲಿಗೆ ಹೋಗಿದ್ದ ಅವರು, ಮರಳಿ ಅದೇ ಸಂಸ್ಥೆಗೆ ಬಂದು ದೊಡ್ಡ ಕೆಲಸ ಮಾಡಿದರು. ನಮ್ಮ ಮಲ್ಲೇಶ್ವರದ ಪಕ್ಕದ ಆ ಕಲ್ಲಿನ ಕಟ್ಟಡಕ್ಕೂ ಫ್ರಿಜ್ಜಿನಲ್ಲಿರುವ ಸೀಸೆಗೂ ಹೀಗೊಂದು ನಂಟು.

ಹಾಡ್ಜ್‌ಕಿನ್ ಕಂಡದ್ದು ಇದು: ಹರಳಿನಲ್ಲಿ ಇನ್ಸುಲಿನ್ ಅಣುಗಳು ಒಂಟಿಯಾಗಿರುವುದಿಲ್ಲ. ಆರಾರು ಅಣುಗಳು ಸತುವಿನ ಸುತ್ತ ಕೈಹಿಡಿದು ಗುಂಪಾಗಿರುತ್ತವೆ. ಸೀಸೆಯಲ್ಲಿರುವ ಸಾದಾ ಇನ್ಸುಲಿನ್ ಕೂಡ ಹೀಗೆಯೇ. ಚರ್ಮದ ಕೆಳಗೆ ಬಿದ್ದ ಮೇಲೆ ಆರರ ಗುಂಪು ಒಡೆದು ಎರಡಾಗಿ, ಒಂದಾಗಿ ಬಿಡಿಬಿಡಿಯಾದರೆ ಮಾತ್ರ ರಕ್ತಕ್ಕೆ ಸೇರಲು ಸಾಧ್ಯ. ಗುಂಪು ಬಿಡಿಸಿಕೊಳ್ಳಲು ಬೇಕಾದ ಹೊತ್ತೇ ನಮ್ಮ ಅರ್ಧ ಗಂಟೆ. ಇದು ಗೊತ್ತಾದ ಮೇಲೆ, ಗುಂಪು ಬೇಗ ಒಡೆಯುವಂತೆ ಅಣುವನ್ನೇ ತಿದ್ದಿದರೆ ಹೇಗೆ ಎಂಬ ಯೋಚನೆ ಬಂತು. ಸರಪಳಿಯ ಕೊನೆಯಲ್ಲಿರುವ ಎರಡು ಕೊಂಡಿಗಳನ್ನು ಅದಲುಬದಲು ಮಾಡಿದ ಲಿಸ್ಪ್ರೋ ಎಂಬ ಇನ್ಸುಲಿನ್ 1996ರಲ್ಲಿ ಬಂತು. ಆ ಬಗೆಯವನ್ನು ಸಾಮಾನ್ಯವಾಗಿ ಊಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ತೆಗೆದುಕೊಂಡರೆ ಸಾಕು. ಹಂದಿ, ದನಗಳ ಗ್ರಂಥಿಯಿಂದಲೇ ಬರುತ್ತಿದ್ದ ಇನ್ಸುಲಿನ್ 1982ರಿಂದ ಸೂಕ್ಷ್ಮಜೀವಿಗಳಿಂದ ಬರತೊಡಗಿತ್ತು. 2004ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಷಾ ಅವರ ಬಯೋಕಾನ್ ಕೂಡ ಒಂದು ಬಗೆಯ ಯೀಸ್ಟಿನಿಂದ ಇನ್ಸುಲಿನ್ ಮಾಡಿ ಮಾರುಕಟ್ಟೆಗೆ ತಂದಿತು.

ಗ್ರಂಥಿಯಿಂದ ತೆಗೆಯುತ್ತಿದ್ದ ಕಾಲದ ಒಂದು ಕಥೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹಿಟ್ಲರನ ಕಾಲದಲ್ಲಿ ಪ್ರಾಗ್ ಬಿಟ್ಟು ಶಾಂಘಾಯಿಗೆ ಓಡಿಬಂದ ಈವಾ ಮತ್ತು ವಿಕ್ಟರ್ ಸಾಕ್ಸ್ಲ್ ದಂಪತಿಗಳದು. ಅಲ್ಲಿ ಈವಾಗೆ ಮಧುಮೇಹ ಬಂತು. 1941ರ ಕೊನೆಯಲ್ಲಿ ಜಪಾನೀಯರು ಊರನ್ನು ಪೂರ್ತಿ ಹಿಡಿದ ಮೇಲೆ ಇನ್ಸುಲಿನ್ ಸಿಗುವುದು ನಿಂತಿತು. ಕಾಳಸಂತೆಯ ಔಷಧಿ ನಂಬುವಂತಿರಲಿಲ್ಲ. ವಿಕ್ಟರ್ ಜವಳಿ ಎಂಜಿನಿಯರ್, ವೈದ್ಯನಲ್ಲ. ಇಬ್ಬರೂ ಒಂದು ವೈದ್ಯಕೀಯ ಪುಸ್ತಕ ಹುಡುಕಿ, ಅದರಲ್ಲಿದ್ದ ವಿಧಾನ ಓದಿ, ನೀರೆಮ್ಮೆಯ ಗ್ರಂಥಿಗಳನ್ನು ತಂದು ಇನ್ಸುಲಿನ್ ತೆಗೆದರು. ಮೊಲಗಳ ಮೇಲೆ ಪರೀಕ್ಷಿಸಿದರು. ಕಂದುಬಣ್ಣದ ಆ ಇನ್ಸುಲಿನ್ ಈವಾಳನ್ನೂ ಅಲ್ಲಿದ್ದ ಇನ್ನೂ ಅನೇಕ ನಿರಾಶ್ರಿತ ರೋಗಿಗಳನ್ನೂ ಯುದ್ಧ ಮುಗಿಯುವವರೆಗೆ ಉಳಿಸಿತು. ಈವಾ 2002ರವರೆಗೆ ಬದುಕಿದಳು. ಔಷಧಿ ಅಂಗಡಿಯಲ್ಲಿ ಚೀಟಿ ತೋರಿಸಿ ಸೀಸೆ ತರುವಾಗ ನನಗೆ ಆ ಕಂದುಬಣ್ಣ ನೆನಪಾಗುವುದುಂಟು.

ಮತ್ತೆ “ಎಷ್ಟಿದೆ?” ಎಂಬ ಮೊದಲ ಪ್ರಶ್ನೆಗೆ ಬರೋಣ. ಬೆಂಕಿ, ಪ್ರನಾಳಗಳಿಂದ ಮನೆಯವರನ್ನು ಬಿಡಿಸಿದವಳು ಹೆಲೆನ್ ಫ್ರೀ ಎಂಬ ಅಮೆರಿಕದ ರಸಾಯನ ತಜ್ಞೆ. ಎರಡನೆಯ ಮಹಾಯುದ್ಧಕ್ಕೆ ಗಂಡುಹುಡುಗರು ಹೊರಟುಹೋದಾಗ ಕಾಲೇಜುಗಳು ಹುಡುಗಿಯರನ್ನು ವಿಜ್ಞಾನಕ್ಕೆ ಕರೆದವು. ಭಾಷೆ ಓದಲು ಬಂದಿದ್ದ ಹೆಲೆನ್ ರಸಾಯನಶಾಸ್ತ್ರಕ್ಕೆ ಬದಲಾದಳು. ಮುಂದೆ ಗಂಡ ಆಲ್ಫ್ರೆಡ್ ಫ್ರೀ ಜೊತೆ ಕೆಲಸ ಮಾಡಿ, ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಾಯಿಸುವ ಕಾಗದದ ಪಟ್ಟಿಯನ್ನು 1956ರಲ್ಲಿ ಹೊರತಂದಳು. ಈಗ ಪ್ರಯೋಗಾಲಯಗಳಲ್ಲಿ ಕಾಣುವ ಬಣ್ಣಬಣ್ಣದ ಚೌಕಗಳ ಪಟ್ಟಿಗಳೆಲ್ಲ ಅದರ ವಂಶದವು. 1965ರಲ್ಲಿ ಅದೇ ದಾರಿಯಲ್ಲಿ ರಕ್ತದ ಹನಿಗೂ ಪಟ್ಟಿ ಬಂತು. ಹನಿ ಹಾಕಿ, ಒಂದು ನಿಮಿಷ ಬಿಟ್ಟು, ನೀರಲ್ಲಿ ತೊಳೆದು, ಬಣ್ಣ ಹೋಲಿಸುವುದು. ಬಣ್ಣವನ್ನು ಕಣ್ಣಿನ ಬದಲು ಯಂತ್ರವೇ ಓದುವ ಮೀಟರು 1970ರ ಹೊತ್ತಿಗೆ ಸಿದ್ಧವಾಯಿತು. ಒಂದು ಕಿಲೋಗಿಂತ ಹೆಚ್ಚು ತೂಕ. ಬೆಲೆ ನೂರಾರು ಡಾಲರು. ಅದು ಆಸ್ಪತ್ರೆಗಳಿಗೆ ಮತ್ತು ವೈದ್ಯರಿಗೆ ಮಾತ್ರ.

ರಿಚರ್ಡ್ ಬರ್ನ್‌ಸ್ಟೈನ್ ಎಂಬ ಎಂಜಿನಿಯರಿಗೆ ಹನ್ನೆರಡನೆಯ ವಯಸ್ಸಿನಿಂದ ಮಧುಮೇಹ. ಅವನು ಆ ಮೀಟರಿನ ಜಾಹೀರಾತು ನೋಡಿ ಕೊಳ್ಳಲು ಹೊರಟರೆ, ರೋಗಿಗೆ ಮಾರುವುದಿಲ್ಲ ಎಂಬ ಉತ್ತರ ಬಂತು. ಅವನ ಹೆಂಡತಿ ಡಾಕ್ಟರು. ಅವಳ ಹೆಸರಿನಲ್ಲಿ ತರಿಸಿಕೊಂಡರು! ದಿನಕ್ಕೆ ಹಲವು ಸಲ ತನ್ನ ರಕ್ತ ತಾನೇ ನೋಡಿಕೊಂಡು, ಯಾವ ಊಟಕ್ಕೆ ಎಷ್ಟು ಏರುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂದು ಬರೆದಿಟ್ಟು, ಇನ್ಸುಲಿನ್‌ನ ಪ್ರಮಾಣವನ್ನೂ ಹೊತ್ತನ್ನೂ ತಿದ್ದಿಕೊಂಡ. ರೋಗಿಯ ಮಾತನ್ನು ವೈದ್ಯ ಪತ್ರಿಕೆಗಳು ಕೇಳುವುದಿಲ್ಲವೆಂದು, ನಲವತ್ತು ದಾಟಿದ ಮೇಲೆ ತಾನೇ ವೈದ್ಯಕೀಯ ಕಾಲೇಜು ಸೇರಿ ಡಾಕ್ಟರಾದ. ಹಿಂದಿನ ನಮ್ಮ ಮನೆಗಳಲ್ಲಿ ಲೆಕ್ಕದ ಪುಸ್ತಕ ಗಂಡಸರ ಪೆಟ್ಟಿಗೆಯಲ್ಲಿರುತ್ತಿತ್ತು, ಖರ್ಚು ಮಾಡುವವಳು ಹೆಂಗಸು. ಮೀಟರಿನ ಕಥೆಯೂ ಹಾಗೆಯೇ ಇತ್ತು. ಕಾಯಿಲೆ ಒಬ್ಬರದು, ಅದರ ಅಂಕಿ ಇನ್ನೊಬ್ಬರ ಕೈಯಲ್ಲಿ.

ಮೀಟರು ಮನೆಗೆ ಬಂದ ಮೇಲೂ, ಇಷ್ಟು ಬಿಗಿಯಾಗಿ ನೋಡಿಕೊಂಡರೆ ನಿಜವಾಗಿ ಲಾಭವಿದೆಯೇ ಎಂಬ ವಾದ ಮುಗಿಯಲಿಲ್ಲ. 1968ರಲ್ಲಿ ಇರಾನಿನ ಸಾಮುವೆಲ್ ರಹಬರ್ ಮಧುಮೇಹಿಗಳ ಹಿಮೋಗ್ಲೋಬಿನ್‌ನಲ್ಲಿ ಒಂದು ವ್ಯತ್ಯಾಸ ಗುರುತಿಸಿದ. ಅದರಿಂದ ಈಗ ಎಲ್ಲರ ಬಾಯಲ್ಲಿರುವ ‘ಎಚ್‌ಬಿಎ1ಸಿ’ ಪರೀಕ್ಷೆ ಬಂತು, ಮೂರು ತಿಂಗಳ ಸರಾಸರಿ ಹೇಳುವುದು. ಆಮೇಲೆ ಅಮೆರಿಕ, ಕೆನಡಾಗಳಲ್ಲಿ 1,441 ಜನರನ್ನು ವರ್ಷಗಟ್ಟಲೆ ನೋಡಿದ ಒಂದು ಅಧ್ಯಯನ 1993ರಲ್ಲಿ ತೀರ್ಪು ಕೊಟ್ಟಿತು. ಅವರೆಲ್ಲ ಎಳವೆಯಲ್ಲಿ ಬರುವ ಒಂದನೆಯ ಬಗೆಯ ಮಧುಮೇಹದವರು. ದಿನಕ್ಕೆ ಹಲವು ಸಲ ಬೆರಳು ಚುಚ್ಚಿ ನೋಡಿ, ಅದಕ್ಕೆ ತಕ್ಕಂತೆ ಇನ್ಸುಲಿನ್ ತೆಗೆದುಕೊಂಡವರಲ್ಲಿ ಕಣ್ಣಿನ ತೊಂದರೆ ಹೊಸದಾಗಿ ಕಾಣಿಸಿಕೊಳ್ಳುವ ಸಂಭವ ಶೇಕಡಾ 76ರಷ್ಟು ಕಡಿಮೆಯಾಗಿತ್ತು. ಮೂತ್ರಪಿಂಡಕ್ಕೂ ನರಗಳಿಗೂ ದೊಡ್ಡ ರಕ್ಷಣೆ ಸಿಕ್ಕಿತ್ತು. ಆದರೆ ಅವರಲ್ಲಿ ಸಕ್ಕರೆ ತೀರಾ ಇಳಿದು ಬೇರೆಯವರ ಸಹಾಯ ಬೇಕಾದ ಪ್ರಸಂಗಗಳು ಮೂರು ಪಟ್ಟು. ಬಿಗಿ ಹಿಡಿದರೆ ಕಣ್ಣು ಉಳಿಯುತ್ತದೆ, ರಾತ್ರಿಯ ನಿದ್ದೆ ಹೋಗುತ್ತದೆ. ಅಂಥ ಮಗುವಿರುವ ತಾಯಂದಿರು ನಡುರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದು, ಮಲಗಿದ ಕೂಸಿನ ಹಣೆ ಬೆವರಿದೆಯೇ ಎಂದು ಮುಟ್ಟಿ ನೋಡುವುದು ಈ ಕಾರಣಕ್ಕೆ.

ಈ ಇಕ್ಕಟ್ಟಿಗೆ ಪರಿಹಾರವಾಗಿ ಬಂದದ್ದು ನಿರಂತರ ಮಾಪಕ, ಜನ ‘ಸೆನ್ಸರ್’ ಎನ್ನುವುದು. ಬೀಜ 1962ರಷ್ಟು ಹಳೆಯದು: ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಕಿಣ್ವವೊಂದನ್ನು ಲೇಪಿಸಿದ ವಿದ್ಯುದ್ವಾರದಿಂದ ಸಕ್ಕರೆ ಅಳೆಯುವ ದಾರಿ ತೋರಿಸಿದ್ದ. ಅದನ್ನು ಕೂದಲಿನಷ್ಟು ಸಣ್ಣ ತಂತಿಯಾಗಿಸಿ ಚರ್ಮದ ಕೆಳಗೆ ಇಡಲು ಬಹಳ ಕಾಲ ಹಿಡಿಯಿತು. ಅಮೆರಿಕದಲ್ಲಿ 1999ರಲ್ಲಿ ಮೊದಲ ಮಾಪಕಕ್ಕೆ ಅನುಮತಿ ಸಿಕ್ಕಿತು. ಮೂರು ದಿನ ಧರಿಸಬೇಕು. ಅಂಕಿಗಳು ಮಾತ್ರ ಧರಿಸಿದವರಿಗೆ ಕಾಣುವುದಿಲ್ಲ, ಆಮೇಲೆ ಡಾಕ್ಟರು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಬರ್ನ್‌ಸ್ಟೈನನಿಗೆ ಹೇಳಿದ ಮಾತನ್ನೇ ಮೂವತ್ತು ವರ್ಷದ ಮೇಲೆ ಮತ್ತೆ ಹೇಳಿದಂತಾಯಿತು. ಕೆಲವೇ ವರ್ಷಗಳಲ್ಲಿ ಅದೂ ಬದಲಾಗಿ, ಆ ಕ್ಷಣದ ಅಂಕಿಯನ್ನು ರೋಗಿಗೇ ತೋರಿಸುವ ಮಾಪಕಗಳು ಬಂದವು. 2014ರಲ್ಲಿ ಯುರೋಪಿನಲ್ಲಿ ಬಂದ ‘ಫ್ರೀಸ್ಟೈಲ್ ಲಿಬ್ರೆ’ ತೋಳಿನ ಮೇಲೆ ಹದಿನಾಲ್ಕು ದಿನ ಇರುತ್ತದೆ. ದೊಡ್ಡ ನಾಣ್ಯದಷ್ಟು ಅಗಲ. ಈಗ ನಮ್ಮ ನಗರಗಳಲ್ಲೂ ಮದುವೆ ಮನೆಯ ರೇಷ್ಮೆ ರವಿಕೆಯ ತೋಳಿನ ಕೆಳಗೆ ಆ ಬಿಳಿ ಬಿಲ್ಲೆ ಇಣುಕುವುದನ್ನು ನೀವು ನೋಡಿರಬಹುದು.

ಬಿಲ್ಲೆ ಅಂಕಿಯ ಜೊತೆಗೆ ಒಂದು ಬಾಣವನ್ನೂ ತೋರಿಸುತ್ತದೆ: ಏರುತ್ತಿದೆ, ಇಳಿಯುತ್ತಿದೆ, ಹಾಗೇ ಇದೆ. 110 ಎಂಬ ಅಂಕಿ ಒಂದೇ. ಬಾಣ ಕೆಳಗಿದ್ದರೆ ಊಟಕ್ಕೆ ಕೂರಬೇಕು, ಮೇಲಿದ್ದರೆ ಕಾಯಬಹುದು. ಎರಡು ಸಾವಿರ ವರ್ಷದ “ಎಷ್ಟು” ಮತ್ತು ನೂರು ವರ್ಷದ “ಯಾವಾಗ” ಮೊದಲ ಬಾರಿಗೆ ಒಂದೇ ಗಾಜಿನ ಮೇಲೆ ಸಿಕ್ಕಿದವು. ಮಾತ್ರೆಯಲ್ಲೇ ಇರುವವರೂ ಇದನ್ನು ಒಮ್ಮೆ ಹಾಕಿಸಿಕೊಂಡು ತಮ್ಮ ಉಪ್ಪಿಟ್ಟು, ಇಡ್ಲಿ, ಮುದ್ದೆಗಳ ಗೆರೆಯನ್ನು ನೋಡಿ ಬೆರಗಾಗುತ್ತಾರೆ. ಒಂದೇ ಊಟ ಇಬ್ಬರಲ್ಲಿ ಬೇರೆ ಗೆರೆ ಎಳೆಯುತ್ತದೆ. 2019ರಲ್ಲಿ ಹಲವು ದೇಶಗಳ ತಜ್ಞರು ಒಪ್ಪಿದ ಲೆಕ್ಕ ಸರಳವಾಗಿದೆ: ಬಹುಪಾಲು ಮಧುಮೇಹಿಗಳಿಗೆ ದಿನದ ಶೇಕಡಾ 70ಕ್ಕಿಂತ ಹೆಚ್ಚು ಹೊತ್ತು, ಎಂದರೆ ಹದಿನೇಳು ಗಂಟೆ, ಸಕ್ಕರೆ 70ರಿಂದ 180ರ ನಡುವೆ ಇರಬೇಕು; 70ಕ್ಕಿಂತ ಕೆಳಗೆ ಒಂದು ಗಂಟೆಗಿಂತ ಹೆಚ್ಚು ಇರಬಾರದು. ವಯಸ್ಸಾದವರಿಗೆ ಸಡಿಲ, ಗರ್ಭಿಣಿಯರಿಗೆ ಬಿಗಿ.

ಬಿಲ್ಲೆ ಸರ್ವಜ್ಞನಲ್ಲ ಎಂಬುದನ್ನೂ ಹೇಳಬೇಕು. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ರಕ್ತದ ಸುದ್ದಿ ಅಲ್ಲಿಗೆ ತಲುಪಲು ಐದು ಹತ್ತು ನಿಮಿಷ ತಡ. ಸಕ್ಕರೆ ವೇಗವಾಗಿ ಏರಿಳಿಯುವಾಗ, ಅಥವಾ ಮೈಗೆ ಅನ್ನಿಸುವುದಕ್ಕೂ ಅಂಕಿಗೂ ತಾಳೆಯಾಗದಾಗ, ಬೆರಳು ಚುಚ್ಚಿಯೇ ನೋಡಬೇಕು. ಆ ತೋಳಿನ ಮೇಲೆ ಒರಗಿ ಮಲಗಿದರೆ ಇಲ್ಲದ ಇಳಿತವನ್ನು ತೋರಿಸುವುದೂ ಉಂಟು. ಗೆರೆ ಏರುತ್ತಿದೆ ಎಂದು ಗಾಬರಿಯಾಗಿ ಮೇಲೆ ಮೇಲೆ ಇನ್ಸುಲಿನ್ ಚುಚ್ಚಿಕೊಳ್ಳುವುದು ಅಪಾಯ. ಮೊದಲು ಹೋದದ್ದು ಇನ್ನೂ ಮೂರು ನಾಲ್ಕು ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ. ಪ್ರಮಾಣ ಬದಲಿಸುವ ಮಾತು ಡಾಕ್ಟರ ಜೊತೆಗೇ ಆಗಬೇಕು. ನಮ್ಮ ದೇಶದ ಸೀಸೆಗಳಲ್ಲಿ ಹೆಚ್ಚಿನವು ಮಿಲಿಲೀಟರಿಗೆ 40 ಯೂನಿಟ್‌ನವು. ಅದಕ್ಕೆ ಕೆಂಪು ಟೊಪ್ಪಿಯ 40ರ ಸಿರಿಂಜೇ ಬೇಕು. ಕಿತ್ತಳೆ ಟೊಪ್ಪಿಯದು 100ಕ್ಕೆ. ಅದಲುಬದಲಾದರೆ ಎಂಥ ಬಿಲ್ಲೆಯೂ ಕಾಯದು.

ಇನ್ನು ಬೆಲೆ. ಎರಡು ವಾರಕ್ಕೆ ಸಾವಿರಾರು ರೂಪಾಯಿ ಎಂದರೆ ತಿಂಗಳ ಸಂಬಳದ ಮನೆಯಲ್ಲಿ ಯಾರಿಗೆ ಮೊದಲು ಎಂಬ ಪ್ರಶ್ನೆ ಏಳುತ್ತದೆ. ಹೆಂಗಸರು ತಮ್ಮ ಸರದಿಯನ್ನು ಇಲ್ಲೂ ಕೊನೆಗೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ಲೆ ಕೊಳ್ಳಲಾಗದಿದ್ದರೆ ಮೀಟರು ಇದೆ. ಊಟಕ್ಕೆ ಮುಂಚೆ ಒಂದು ಹನಿ, ಎರಡು ಗಂಟೆಯ ಮೇಲೆ ಒಂದು ಹನಿ, ಕ್ಯಾಲೆಂಡರಿನಲ್ಲಿ ಬರೆದಿಡಲು ಒಂದು ಪೆನ್ಸಿಲ್. ಇಳಿದಾಗ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡುವುದು, ಆಮೇಲೆ ಏನಾದರೂ ತಿನ್ನುವುದು. ಆ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಮನೆಯ ಗಂಡಸರಿಗೂ ಮಕ್ಕಳಿಗೂ ಗೊತ್ತಿರಬೇಕು.

ಡೊರೊಥಿ ಹಾಡ್ಜ್‌ಕಿನ್ ಮೂವತ್ತೈದು ವರ್ಷ ಕೂತು ಬಿಡಿಸಿದ ಆ ಆರರ ಗುಂಪು, ಈವಾ ಎಮ್ಮೆಯ ಗ್ರಂಥಿಯಿಂದ ತೆಗೆದ ಕಂದು ನೀರು, ಹೆಲೆನ್ ಫ್ರೀಯ ಕಾಗದದ ಪಟ್ಟಿ, ಈಗಿನ ಬಿಲ್ಲೆ ಎಲ್ಲವೂ ಸೇರಿ ನಮಗೆ ಹೇಳುವುದು ಬಹಳ ಸಣ್ಣ ಸಂಗತಿ. ಸೂಜಿ ಚುಚ್ಚಿಕೊಂಡ ಹೊತ್ತಿನಿಂದ ಗಡಿಯಾರ ಓಡುತ್ತಿರುತ್ತದೆ. ಅರ್ಧ ಗಂಟೆ ಎಂದರೆ ಅರ್ಧ ಗಂಟೆ. ನೆಂಟರು ಬಂದಿರಲಿ, ಹಬ್ಬವಿರಲಿ, ಆರತಿ ತಡವಾಗಲಿ, ಆ ಹೊತ್ತಿಗೆ ಮನೆಯಲ್ಲಿ ಮೊದಲ ತಟ್ಟೆ ಅವಳ ಮುಂದೆ ಬೀಳಬೇಕು. ಬಡಿಸುವ ಕೈ ಆ ದಿನ ಬೇರೆ ಯಾರದಾದರೂ ಆಗಲಿ.